ಕೆಂಪು ಗೂಟಗಳ ಹೊಲ

ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಫೀಲ್ಡ್ ಸೀಸನ್ ದೊಡ್ಡಬಳ್ಳಾಪುರದಲ್ಲಿ ಕಳೆಯಿತು. ಆಗ ನಾನು ಸರ್ಕಾರದ ಖನಿಜ ಅನ್ವೇಷಣೆಯ ತಂಡವೊಂದರಲ್ಲಿ ಹಿರಿಯ ಭೂವಿಜ್ಞಾನಿ. ಮಳೆ ನಿಂತ ಮೇಲೆ ಹೊರಟು ಬಿಸಿಲು ಬಲಿಯುವವರೆಗೆ ಊರೂರು ಅಲೆಯುವುದಕ್ಕೆ ನಮ್ಮಲ್ಲಿ ಫೀಲ್ಡ್ ಸೀಸನ್ ಎನ್ನುತ್ತಾರೆ. ಬಾಡಿಗೆ ಮನೆಯ ಎರಡೂ ಪಕ್ಕ ಪವರ್‌ಲೂಮ್. ಮೊದಮೊದಲು ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ಈ ಜಿಲ್ಲೆಯ ನೆಲದಡಿ ಬಹುಪಾಲು ಗ್ರಾನೈಟ್ ಮತ್ತು ಅದರಂಥದೇ ಪಟ್ಟೆಗಲ್ಲು. ನಡುನಡುವೆ ಕಪ್ಪು-ಹಸಿರು ಕಲ್ಲಿನ ಸಣ್ಣ ಎಳೆಗಳಿವೆ. ಜೀವಜಂತು ಕಣ್ಣು ಬಿಡುವ ಮೊದಲು ಜ್ವಾಲಾಮುಖಿ ಉಗುಳಿದ ಲಾವಾ ತಣಿದು, ಬೆಂದು, ಮಡಿಸಿಕೊಂಡು ಉಳಿದ ಚೂರುಗಳವು. ಕೋಲಾರದ ಚಿನ್ನ ಸಿಕ್ಕಿದ್ದೂ ಇಂಥ ಕಲ್ಲಿನಲ್ಲೇ. ಹೀಗಾಗಿ ಇಂಥ ಎಳೆ ಕಂಡಲ್ಲೆಲ್ಲ ನಮ್ಮಂಥವರು ಮೂಗು ತೂರಿಸದೆ ಬಿಡುವುದಿಲ್ಲ.

ಕೆಲಸದ ರೀತಿ ಸರಳ. ಸಾಲಾಗಿ ಗೂಟ ಹೊಡೆದು, ಪ್ರತಿ ಗೂಟದ ಬುಡದ ಮಣ್ಣನ್ನು ಲ್ಯಾಬಿಗೆ ಕಳಿಸುತ್ತೇವೆ. ಕೆಳಗೆ ಅದಿರಿದ್ದರೆ ಅದರ ಸುಳಿವು ಮೇಲಿನ ಮಣ್ಣಿಗೂ ಬಂದಿರುತ್ತದೆ. ಸುತ್ತಲಿಗಿಂತ ಲೋಹ ಹೆಚ್ಚು ಕಂಡ ಜಾಗಕ್ಕೆ ಅನಾಮಲಿ ಎಂದು ಹೆಸರು. ನಕ್ಷೆಯಲ್ಲಿ ಅದಕ್ಕೆ ಕೆಂಪು ಬಣ್ಣ. ಆ ಸಲ ಹಸಿರುಕಲ್ಲಿನ ಎಳೆಯ ಮೇಲೆಯೇ, ಒಂದೇ ಒಂದು ಹೊಲದಲ್ಲಿ, ತಾಮ್ರ ಮತ್ತು ಸತು ಎರಡೂ ಜಿಗಿದಿದ್ದವು. ಇಂಥ ಕಲ್ಲಿನಲ್ಲಿ ಅವೆರಡೂ ಜೊತೆಗಿದ್ದರೆ ಚಿನ್ನವೂ ಇರಬಹುದೆಂಬ ಆಸೆ ಹುಟ್ಟುತ್ತದೆ. ಖಾತ್ರಿ ಮಾಡಿಕೊಳ್ಳಲು ಆ ಹೊಲದಲ್ಲಿ ಒತ್ತೊತ್ತಾಗಿ ಗೂಟ ಹೊಡೆಸಿದೆ. ದೂರಕ್ಕೆ ಕಾಣಲೆಂದು ಅವುಗಳ ತಲೆಗೆ ಕೆಂಪು ಬಣ್ಣ ಬಳಿದಿದ್ದೆವು.

ಹೊಲ ಮುನಿಶಾಮಣ್ಣ ಎಂಬ ಹಿರಿಯರದು. ರಾಗಿ ಕೊಯ್ದಾಗಿತ್ತು. ಮೂಲೆಯ ಹೊಂಗೆ ಮರದಡಿ ಅವರ ಹೆಂಡತಿ ಗೌರಮ್ಮನ ಸಮಾಧಿ. ಆ ಕಡೆ ಎಷ್ಟೋ ಮನೆತನದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಗಂಡನಿಗೆ ಹೆಂಡತಿಯ ಪಕ್ಕ ಜಾಗ ಬಿಟ್ಟಿರುತ್ತಾರೆ. ಮೊದಲ ದಿನವೇ ಅವರು ಆ ಖಾಲಿ ಜಾಗ ತೋರಿಸಿ, "ಇಲ್ಲೊಂದು ಗೂಟ ಹೊಡೀಬ್ಯಾಡಿ ಮೇಡಂ. ಇದು ನನ್ ಸೈಟು" ಎಂದು ನಕ್ಕಿದ್ದರು. ನಾನೂ ನಕ್ಕು ಗೂಟವನ್ನು ಆಚೆ ಸರಿಸಿದ್ದೆ.

ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಗೂಟ ಎಂದರೆ ಬರೀ ಗೂಟವಲ್ಲ. ರಸ್ತೆಗೆ, ಕಾರ್ಖಾನೆಗೆ ಜಮೀನು ಹೋಗುವ ಮೊದಲು ಬರುವುದು ಅದೇ; ಹಿಂದೆಯೇ ಪರಿಹಾರ. ಯಾರ ಹೊಲದಲ್ಲಿ ಗೂಟ ಒತ್ತಾಗಿದೆಯೋ ಅವನ ಅದೃಷ್ಟ ಖುಲಾಯಿಸಿತೆಂದು ಊರು ಲೆಕ್ಕ ಹಾಕಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ.

ಒಂದು ಸಂಜೆ ಕೆಂಪರಾಜು ಎಂಬಾತ ಬೈಕಿನಲ್ಲಿ ನಮ್ಮ ಮನೆಗೆ ಬಂದ. ಮುನಿಶಾಮಣ್ಣನ ತಮ್ಮ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ನೇರ ಬಂದಿದ್ದ.

"ಮೇಡಂ, ಅಣ್ಣನ ಹೊಲ್ದಲ್ಲಿ ಚಿನ್ನ ಐತಂತೆ?"

"ಪರೀಕ್ಷೆ ನಡೀತಿದೆ. ಈಗಲೇ ಏನೂ ಹೇಳೋಕಾಗಲ್ಲ."

"ಹೇಳಕ್ಕಾಗಲ್ಲ ಅಂದ್ರೆ ಐತೆ ಅಂತಾನೇ ಅಲ್ವಾ ಮೇಡಂ?"

ಇಲ್ಲ ಎನ್ನುವಂತಿರಲಿಲ್ಲ, ಹೌದು ಎನ್ನುವಂತೆಯೂ ಇರಲಿಲ್ಲ. ನನ್ನ ಕಸುಬಿನ ಭಾಷೆಯಲ್ಲಿ ಅದು ಎಚ್ಚರಿಕೆ. ಅವನ ಕಿವಿಗೆ ಅದು ಗುಟ್ಟು.

ಅಣ್ಣತಮ್ಮಂದಿರ ಪಾಲು ಅಲ್ಲಿಯವರೆಗೆ ಬಾಯಿ ಮಾತಿನಲ್ಲಿತ್ತು: ರಸ್ತೆ ಪಕ್ಕದ ಹೊಲ ತಮ್ಮನಿಗೆ, ಒಳಗಿನ ಈ ಹೊಲ ಅಣ್ಣನಿಗೆ. ಕೆಂಪರಾಜು ಊರ ಹಿರಿಯರನ್ನು ಕೂಡಿಸಿ ಅದಲುಬದಲು ಕೇಳಿದ. ಒಡಹುಟ್ಟಿದವನ ಜೊತೆ ಕೋರ್ಟಿಗೆ ಅಲೆಯುವುದು ಮುನಿಶಾಮಣ್ಣನಿಗೆ ಬೇಡವಾಗಿತ್ತು. "ಅವಳ ಪಕ್ಕದ ಜಾಗ ಒಂದು ನನಗಿರ್ಲಿ" ಎಂದಷ್ಟೇ ಕೇಳಿದರಂತೆ. "ಅತ್ತಿಗೆ ಸಮಾಧಿ ನಾನ್ ಮುಟ್ತೀನೇನಣ್ಣ?" ಎಂದನಂತೆ ತಮ್ಮ. ಅವನು ಅದನ್ನು ಮನಸಾರೆ ಹೇಳಿದ್ದನೆಂದೇ ನಾನು ಇಂದಿಗೂ ನಂಬಿದ್ದೇನೆ. ಆ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ರಿಜಿಸ್ಟರ್ ಆಯಿತು.

ನನಗೆ ಇದು ತಿಳಿದದ್ದು ಪರೀಕ್ಷಾ ಗುಂಡಿ ತೆಗೆಸುವ ದಿನ. ಅದಿರು ನಿಜವಾಗಿದ್ದರೆ ಆಳಕ್ಕಿಳಿದಂತೆ ಲೋಹ ಏರಬೇಕು. ಹೊಲ ಈಗ ತಮ್ಮನದಾದರೂ ಮುನಿಶಾಮಣ್ಣ ಎಂದಿನಂತೆ ಹೊಂಗೆಯಡಿ ಕೂತಿದ್ದರು. ಗುಂಡಿಯ ಮೇಲ್ಮಣ್ಣಿನಲ್ಲೇ ತುಕ್ಕು ಹಿಡಿದ ತಂತಿಯ ತುಂಡುಗಳು ಸಿಕ್ಕವು. ಇವು ಎಲ್ಲಿಯವೆಂದು ಕೇಳಿದೆ.

"ದ್ರಾಕ್ಷಿ ಚಪ್ಪರದ್ದು. ಮೊದ್ಲೆಲ್ಲ ಇಲ್ಲಿ ದ್ರಾಕ್ಷಿ ತ್ವಾಟ. ಗೌರಿ ಹೋದ್ಮೇಲೆ ಕೀಳ್ಸಿ ರಾಗಿಗೆ ಬಿಟ್ಟೆ."

ದ್ರಾಕ್ಷಿಗೆ ರೋಗ ತಗಲದಂತೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಚಪ್ಪರದ ತಂತಿಗೆ ಲೇಪಿಸಿದ್ದು ಸತು; ತಂತಿ ತುಕ್ಕು ಹಿಡಿದಂತೆ ಅದೂ ಮಣ್ಣು ಸೇರುತ್ತದೆ. ಲ್ಯಾಬಿನ ಉತ್ತರ ಬರುವವರೆಗೆ ಬಾಯಿ ಬಿಗಿಹಿಡಿದೆ. ಉತ್ತರ ಹೆದರಿದಂತೆಯೇ ಬಂತು: ಲೋಹವೆಲ್ಲ ಮೇಲಿನ ಮಣ್ಣಿನಲ್ಲಿ, ಅಡಿಯ ಹಸಿರುಕಲ್ಲಿನಲ್ಲಿ ಏನೂ ಇಲ್ಲ, ಚಿನ್ನದ ಸುಳಿವೂ ಇಲ್ಲ.

ಮುನಿಶಾಮಣ್ಣನಿಗೆ ನಾನೇ ಹೋಗಿ ಹೇಳಿದೆ. ಅವರು ಒಂದು ಹಿಡಿ ಮಣ್ಣನ್ನು ಅಂಗೈಗೆ ತೆಗೆದುಕೊಂಡರು.

"ಅವ್ಳು ಡ್ರಮ್ಮಲ್ಲಿ ಕಲಕೋಳು, ನಾನ್ ಹೊಡಿಯೋನು. ಸೀರೆ ಅಂಚೆಲ್ಲ ನೀಲಿ. ಎಷ್ಟ್ ಒಗದ್ರೂ ಹೋಗ್ತಿರ್ಲಿಲ್ಲ" ಎಂದರು. ಆಮೇಲೆ, "ಅಂಗಾದ್ರೆ ನಿಮ್ ಮಿಷಿನ್‌ಗೆ ಕಂಡಿದ್ದು ನಮ್ ಕೆಲ್ಸಾನೇ ಅನ್ನಿ" ಎಂದರು.

ಕೆಂಪರಾಜು ನಂಬಲಿಲ್ಲ. ಗೋರ್ಮೆಂಟು ಮುಚ್ಚಿಡುತ್ತಿದೆ ಎಂದ. ಆಮೇಲೆ ಅಣ್ಣ ಎಲ್ಲ ಗೊತ್ತಿದ್ದೇ ತಲೆಗೆ ಕಟ್ಟಿದ ಎಂದ. ರಸ್ತೆ ಪಕ್ಕದ ಜಮೀನು ಕೈಬಿಟ್ಟ ಸಂಕಟ ಅವನನ್ನು ಕಿತ್ತು ತಿನ್ನುತ್ತಿತ್ತು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಹೊಲಕ್ಕೆ ತಂತಿ ಬೇಲಿ ಬಂತು, ಗೇಟಿಗೆ ಬೀಗ ಬಿತ್ತು. ಮುನಿಶಾಮಣ್ಣ ಬೇಲಿಯ ಹೊರಗೆ ನಿಂತು ಊದುಕಡ್ಡಿ ಹಚ್ಚುವುದನ್ನು ಒಮ್ಮೆ ಜೀಪಿನಿಂದ ಕಂಡೆ. ಇಳಿದು ಮಾತಾಡಿಸುವ ಧೈರ್ಯವಾಗಲಿಲ್ಲ.

ನಿವೃತ್ತಿಯ ನಂತರ ಒಮ್ಮೆ ಆ ದಾರಿಯಲ್ಲಿ ಹೋದೆ. ಹೊಲ ಲೇಔಟ್ ಆಗಿತ್ತು. ಹೊಂಗೆ ಮರವಿಲ್ಲ, ಸಮಾಧಿಯಿದ್ದ ಮೂಲೆಯಲ್ಲಿ ಟಾರು ರಸ್ತೆ ತಿರುಗುತ್ತಿತ್ತು. ಮುನಿಶಾಮಣ್ಣ ಹಿಂದಿನ ವರ್ಷ ತೀರಿಕೊಂಡರಂತೆ. ಅವರನ್ನು ರಸ್ತೆ ಪಕ್ಕದ ಹೊಲದಲ್ಲಿ ಮಣ್ಣು ಮಾಡಿದ್ದರು, ಒಬ್ಬರನ್ನೇ. ಮಣ್ಣಿಗೆ ತಮ್ಮನೂ ಬಂದಿದ್ದನೆಂದು ಯಾರೋ ಹೇಳಿದರು.

ಕಲ್ಲನ್ನು ಕೇಳುವ ಮೊದಲು ಆ ಮಣ್ಣಿನಲ್ಲಿ ಯಾರು ಏನು ಮಾಡಿದ್ದರೆಂದು ಕೇಳಬೇಕು. ನನ್ನ ವೃತ್ತಿ ಕಲಿಸಿದ ಪಾಠ ಅದು, ಕಲಿಸಿದ್ದು ಕೊನೆಯ ಸೀಸನ್ನಿನಲ್ಲಿ. ಅಂತಿಮ ವರದಿಯ ನಕ್ಷೆಯಲ್ಲಿ ಆ ಹೊಲ ಇಂದಿಗೂ ಕೆಂಪಾಗಿದೆ. ವರದಿ ಮುಗಿಸುವಾಗ ಅದರ ಮುಂದೆ ಕಾರಣ ನಮೂದಿಸಬೇಕಿತ್ತು. ಗೌರಮ್ಮ ಕಲಕಿದ್ದು, ಮುನಿಶಾಮಣ್ಣ ಹೊಡೆದದ್ದು, ಜೊತೆಯಾಗಿ ಅವರು ಆ ನೆಲದಲ್ಲಿ ಉಳಿಸಿಹೋದದ್ದು. ಅದಕ್ಕೆ ನಮ್ಮ ಕಸುಬಿನಲ್ಲಿರುವುದು ಒಂದೇ ಪದ. 'ಮಾಲಿನ್ಯ' ಎಂದು ಬರೆದು ಸಹಿ ಹಾಕಿದೆ.