ಮದ್ದೂರಿನ ಎಡಿಟಿಂಗ್ ಕೆಂಪರಾಜು

ಮದ್ದೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಕೆಂಪರಾಜುವಿನ ಕಂಪ್ಯೂಟರಿಗೆ ಸಿಕ್ಕಿದರೆ ಸತ್ತವರ ದೆಸೆಯೇ ತಿರುಗುತ್ತದೆ. ಬದುಕಿದ್ದಾಗ ಅಂಗಿಯ ಗುಂಡಿಯನ್ನೂ ಹಾಕದ ಅಜ್ಜನಿಗೆ ಅವನು ಕೋಟು ತೊಡಿಸುತ್ತಾನೆ, ಒಂದು ದಿನವೂ ಜೊತೆಯಲ್ಲಿ ಕೂರದ ಗಂಡಹೆಂಡಿರನ್ನು ಒಂದೇ ಸೋಫಾದಲ್ಲಿ ಕೂರಿಸುತ್ತಾನೆ. ಯಾರಾದರೂ ಅನುಮಾನಪಟ್ಟರೆ, "ನಿಮ್ಮಪ್ಪ ಇಂಗೇ ಇರ್ಬೇಕಾಗಿತ್ತು ಬುಡಿ" ಎಂದು ಬಾಯಿ ಮುಚ್ಚಿಸುತ್ತಾನೆ. ಈ ಸಲ ಪಿತೃಪಕ್ಷಕ್ಕೆ ಮುಂಚೆ ಹೊಸ ಸಾಫ್ಟ್‌ವೇರು ಬಂದಾಗ ಮೊದಲ ಪ್ರಯೋಗ ತೀರಿಹೋದ ಅವನ ಅವ್ವನ ಹಳೆಯ ಫೋಟೊ ಮೇಲೆಯೇ ನಡೆಯಿತು: ಸುಕ್ಕು ಹೋಯಿತು, ಮುಖ ಬೆಳ್ಳಗಾಯಿತು, ಕೊರಳಿಗೆ ಎರಡೆಳೆ ಸರ ಬಂತು, ಗದ್ದದ ಮೇಲಿನ ಮಸುಕು ಚುಕ್ಕೆಗಳೆಲ್ಲ ಕಲೆಯೆಂದು ಅಳಿಸಿಹೋದವು. ಹಬ್ಬದ ದಿನ ಎಡೆ ಇಡಲು ಬಂದ ಅವ್ವನ ತಂಗಿ ಹೊಂಬಾಳಮ್ಮ ಫೋಟೊ ನೋಡಿ, "ಯಾರ್ಲಾ ಇವ್ಳು? ಗೊತ್ತಿಲ್ದೋರ್ಗೆಲ್ಲ ಎಡೆ ಇಕ್ಕಕಿಲ್ಲ ನಾನು" ಎಂದು ಬಾಳೆಲೆಯನ್ನು ಮಡಿಚಿಟ್ಟಳು. "ಅವ್ವನೇ ಕಣ್ ಚಿಕ್ಕವ್ವ, ಸರ ನೋಡು ಎಂಗದೆ" ಎಂದ ಕೆಂಪರಾಜು. "ಸರ ಇಲ್ಲೇ ಬಿಚ್ಕಂಡು ಕಳಿಸ್ತೀವಿ ಕಣ್ಲಾ. ಸತ್ತಾಗ ಜೊತೇಲಿ ಓಗದು ಅಚ್ಚೆ ಒಂದೇಯ, ಅದ್ನೂ ಕಿತ್ಕಂಡ್ಯಾ?" ಅಕ್ಕತಂಗಿಯರು ಚಿಕ್ಕವರಿದ್ದಾಗ ಅಕ್ಕಪಕ್ಕ ಕೂತು ಗದ್ದಕ್ಕೆ ಒಂದೇ ತರದ ಹಚ್ಚೆ ಹಾಕಿಸಿಕೊಂಡಿದ್ದರು. ಕೆಂಪರಾಜು ಚಿಕ್ಕವ್ವನನ್ನು ಸ್ಟುಡಿಯೊಗೆ ಕರೆತಂದು ದೀಪದ ಕೆಳಗೆ ಕೂರಿಸಿದ. ಸರ ತೆಗೆದ, ಸುಕ್ಕು ವಾಪಸು ತಂದ, ಅವಳ ಗದ್ದ ನೋಡಿ ನೋಡಿ ಅವ್ವನ ಗದ್ದಕ್ಕೆ ಒಂದೊಂದೇ ಹಸಿರು ಚುಕ್ಕೆ ಇಟ್ಟ. ಕೊನೆಯ ಚುಕ್ಕೆ ಬಿದ್ದಾಗ ಹೊಂಬಾಳಮ್ಮ ಪರದೆಯತ್ತ ಬಾಗಿ, "ಬಂದ್ಯಾ ಅಕ್ಕಯ್ಯ?" ಎಂದಳು.