ಬಿಸಿಲಿಗೆ ಬ್ರೇಕ್ ಹಾಕುತ್ತಿದ್ದ ಕಾರು

ಗಂಡನ ಅಕ್ಕ ಇರುವುದು ಚಿತ್ತಾಪುರದಲ್ಲಿ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಆ ಬೇಸಿಗೆಯಲ್ಲಿ ಚಿಂಚೋಳಿಯ ಬಂಧುಗಳ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಗಂಡನಿಗೆ ರಜೆ ಸಿಗಲಿಲ್ಲ. ನಾನೇ ಶಹಾಬಾದಿನಿಂದ ಕಾರು ತೆಗೆದುಕೊಂಡು ಹೋಗಿ, ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಅವರನ್ನು ಕೂರಿಸಿಕೊಂಡು ಹೊರಟೆ. ಅಷ್ಟು ಹೊತ್ತೂ ಕಾರು ಬಯಲಿನಲ್ಲೇ ನಿಂತಿತ್ತು. ಬಾಗಿಲ ಹಿಡಿಕೆ ಮುಟ್ಟಿದರೆ ಕೈ ಸುಡುತ್ತಿತ್ತು.

ಸೇಡಂ ರಸ್ತೆಯಲ್ಲಿ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ತೊಗರಿ ಕೊಯ್ದು ಬರಿದಾದ ಕರಿ ಹೊಲಗಳು. ಅಕ್ಕನ ಫೋನು ಕಾಲ ಬಳಿ ಬಿತ್ತು. ಅದನ್ನು ತೆಗೆದುಕೊಳ್ಳಲು ಅವರು ಬಗ್ಗಿದರು. ಅದೇ ಕ್ಷಣಕ್ಕೆ ಕಾರು ಕೀ ಎಂದು ಕೂಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಂತುಬಿಟ್ಟಿತು. ಸೀಟ್ ಬೆಲ್ಟ್ ಎದೆಗೆ ಒತ್ತಿ ಉಸಿರು ಕಟ್ಟಿತು. ಕನ್ನಡಿಯಲ್ಲಿ ಕಲ್ಲುಚಪ್ಪಡಿ ತುಂಬಿದ ಲಾರಿಯೊಂದು ನಮ್ಮ ಮೇಲೇ ಬರುತ್ತಿತ್ತು. ಕೊನೆಗಳಿಗೆಯಲ್ಲಿ ಅದು ಹೊಲದ ಕಡೆ ಹೊರಳಿತು. ಅದರ ಧೂಳು ನಮ್ಮನ್ನು ಮುಚ್ಚಿತು.

ಲಾರಿಯ ಚಾಲಕ ಇಳಿದು ಓಡಿಬಂದ. ಬೈಯುತ್ತಾನೆ ಅಂದುಕೊಂಡೆ.

"ಅಕ್ಕೋರೆ, ಮುಂದ ಏನಿತ್ರೀ? ಯಾಕ್ ನಿಂತ್ರಿ? ಯಾ ಅಲ್ಲಾ, ಇವತ್ತ ನಿಮ್ಮನ್ನ ಕೊಂದೇಬಿಡ್ತಿದ್ದೆ!"

"ನಾ ಬ್ರೇಕ್ ಹಾಕಿಲ್ರಿ" ಎಂದೆ.

ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ನಮ್ಮ ಕಾರಿನಲ್ಲಿತ್ತು. ಮುಂದಿನ ಗಾಜಿನ ಒಳಬದಿ, ಕನ್ನಡಿಯ ಹಿಂದೆ ಇರುವ ಸಣ್ಣ ಕ್ಯಾಮೆರಾ ಅದರ ಕಣ್ಣು. ಜೀವ ಉಳಿಸುತ್ತದೆ ಎಂದು ಗಂಡ ಅದನ್ನು ಹುಡುಕಿ ಹುಡುಕಿ ಕೊಂಡಿದ್ದರು. ಅದೇ ನಮ್ಮನ್ನು ಲಾರಿಯ ಬಾಯಿಗೆ ಕೊಡುವುದರಲ್ಲಿತ್ತು ಎಂದು ಫೋನ್ ಮಾಡಿ ಹೇಳಿದರೆ ಅವರ ತಲೆಗೆ ಹೋಗಲೇ ಇಲ್ಲ.

"ಗಾಬರ್ಯಾಗಿ ನೀನೇ ಬ್ರೇಕ್ ತುಳಿದಿರ್ತಿ" ಎಂದರು.

ಅಕ್ಕ ಫೋನಿನಲ್ಲೇ ತಮ್ಮನ ಮೇಲೆ ರೇಗಿದರು. "ನಾ ಬಗ್ಗಿದ್ದೆ ತಮ್ಮಾ, ಅಕಿ ಕಾಲು ನನ್ನ ಕಣ್ಣ ಮುಂದೇ ಇತ್ತು. ಬ್ರೇಕಿನ ಮ್ಯಾಲ ಇರಲೇ ಇಲ್ಲ. ನಾ ಏನ್ ಸುಳ್ಳ ಹೇಳ್ಲಿಕತ್ತೀನೇನು?"

ಕಲಬುರಗಿಯ ಸರ್ವಿಸ್ ಸೆಂಟರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಕಾರು ಒಯ್ದೆವು. ಕಂಪ್ಯೂಟರಿಗೆ ಜೋಡಿಸಿ ನೋಡಿದರು, ರಿಂಗ್ ರೋಡಿನಲ್ಲಿ ಸುತ್ತಿಸಿದರು. ಕಾರು ಸಾಧುವಿನ ಹಾಗೆ ಓಡಿತು. "ಏನೂ ತೊಂದರೆ ಇಲ್ಲ ಮೇಡಂ" ಎಂದರು. ಗಂಡ ನನ್ನತ್ತ ನೋಡಿದ ನೋಟವನ್ನು ಮರೆಯಲಾರೆ. ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಆಮೇಲೆ ನನಗೂ ನನ್ನ ಕಾಲಿನ ಮೇಲೆ ನಂಬಿಕೆ ಹೋಯಿತು. ರಾತ್ರಿ ಮಲಗಿದಾಗಲೂ ಬಲಪಾದವನ್ನು ಒತ್ತಿ ನೋಡುತ್ತಿದ್ದೆ.

ಕೆಲವು ದಿನಗಳ ನಂತರ ಭಂಕೂರಿನಲ್ಲಿ ಒಂದು ಮದುವೆ ಊಟ ಮುಗಿಸಿ ಹೊರಟೆವು. ಕಾರು ಮತ್ತೆ ಬಿಸಿಲಲ್ಲಿ ಬೆಂದಿತ್ತು. ಗಂಡನೇ ಓಡಿಸುತ್ತಿದ್ದರು. ಊರು ದಾಟಿ ಸ್ವಲ್ಪ ಮುಂದೆ, ಬರಿ ರಸ್ತೆಯಲ್ಲಿ, ಅದೇ ಕೂಗು, ಅದೇ ಹೊಡೆತ. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಅವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ತಮ್ಮ ಕಾಲನ್ನೇ ನೋಡುತ್ತಾ ಕುಳಿತರು.

"ನಾ ತುಳಿದಿಲ್ಲ" ಎಂದರು ಮೆಲ್ಲಗೆ.

ನನಗೆ ಅನ್ನಬೇಕಾದದ್ದು ಬಹಳ ಇತ್ತು. ಅದನ್ನೆಲ್ಲ ಬಿಟ್ಟು, "ಎರಡೂ ಸಲ ಮಧ್ಯಾಹ್ನನೇ ಆಗ್ಯದ ನೋಡ್ರಿ. ಎರಡೂ ಸಲ ಗಾಡಿ ಬಿಸಿಲಾಗ ನಿಂತಿತ್ತು" ಎಂದೆ.

ಈ ಸಲ ಸರ್ವಿಸ್ ಸೆಂಟರಿಗೆ ಸುಡುಬಿಸಿಲಲ್ಲೇ ಹೋದೆವು. ಕಾರನ್ನು ನೆರಳಿಗೆ ತರಬೇಡಿ, ಹೊರಗೇ ಬಿಡಿ ಎಂದು ನಾನು ಹಟ ಹಿಡಿದೆ. ಬಹಳ ಹೊತ್ತಿನ ನಂತರ ಅಲ್ಲಿಯ ಇಂಜಿನಿಯರ್ ಹುಡುಗಿ ಕನ್ನಡಿಯ ಹಿಂದಿನ ಮುಚ್ಚಳ ಬಿಚ್ಚಿ, ಕ್ಯಾಮೆರಾವನ್ನು ಒಂದು ಬೆರಳಿನಿಂದ ಮುಟ್ಟಿದಳು. ಅದು ಅಲುಗಾಡಿತು, ಸಡಿಲಾದ ಹಲ್ಲಿನ ಹಾಗೆ.

"ಗಾಜು ಎಲ್ಲಿ ಹಾಕಿಸಿದ್ರಿ?" ಎಂದು ಕೇಳಿದಳು.

ಚಳಿಗಾಲದಲ್ಲಿ ವಾಡಿಯ ಹತ್ತಿರ ಮುಂದಿನ ಲಾರಿಯಿಂದ ಸುಣ್ಣದಕಲ್ಲಿನ ಚೂರು ಸಿಡಿದು ಗಾಜು ಬಿರಿದಿತ್ತು. ಗಂಡ ಯಾವುದೋ ಸಣ್ಣ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿದ್ದರು. ಅಂಗಡಿಯವರು ಕ್ಯಾಮೆರಾವನ್ನು ಗಾಜಿಗೆ ಹಿಡಿದಿಡುವ ಹಿಡಿಕೆಯನ್ನು ಎರಡು ಬದಿಯೂ ಅಂಟುವ ಟೇಪಿನಿಂದ ಅಂಟಿಸಿ ಕೊಟ್ಟಿದ್ದರು. ಬೆಳಗಿನ ತಂಪಿನಲ್ಲಿ ಅಂಟು ಗಟ್ಟಿ. ಗಾಜು ಕಾದಾಗ ಅದು ಮೆತ್ತಗಾಗಿ ಕ್ಯಾಮೆರಾ ಕೆಳಗೆ ವಾಲುತ್ತಿತ್ತು. ಆಗ ರಸ್ತೆಯ ಮೇಲಿನ ತೇಪೆ, ನೆರಳು ಎಲ್ಲವೂ ಅದಕ್ಕೆ ಎದುರು ನಿಂತ ವಾಹನದಂತೆ ಕಂಡಿರಬೇಕು ಎಂದಳು ಹುಡುಗಿ.

ಒಂದು ತುಂಡು ಟೇಪು! ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ. ಅಕ್ಕ, ನಾನು, ಆ ಲಾರಿಯವನು, ಮೂವರ ಜೀವವೂ ಅದಕ್ಕೆ ಅಂಟಿಕೊಂಡಿತ್ತು.

ಹೊಸ ಹಿಡಿಕೆ ಹಾಕಿ, ಕ್ಯಾಮೆರಾದ ನೋಟವನ್ನು ಅಳತೆ ಹಿಡಿದು ಸರಿಪಡಿಸಿದರು. ಉಳಿದ ಬೇಸಿಗೆಯೆಲ್ಲ ಓಡಿಸಿದೆವು, ಕಾರು ಮತ್ತೆ ಹಾಗೆ ನಿಲ್ಲಲಿಲ್ಲ.

ಆದರೆ ಗಂಡ ಬಂದವರಿಗೆಲ್ಲ ಭಂಕೂರಿನ ಕಥೆಯನ್ನಷ್ಟೇ ಹೇಳುತ್ತಿದ್ದರು. ಒಮ್ಮೆ ಚಿತ್ತಾಪುರದಲ್ಲಿ ಹಾಗೆ ಹೇಳುತ್ತಿದ್ದಾಗ ಅಕ್ಕ ತಡೆದರು. "ಮೊದಲು ಇಕಿಗೆ ಆಗಿತ್ತಲ್ಲೋ. ಅದ್ಯಾಕ ಹೇಳಂಗಿಲ್ಲ?"

ಗಂಡ ತಲೆ ತಗ್ಗಿಸಿದರು. "ಇಕಿ ಖರೇನೇ ಹೇಳಿದ್ಲು. ನಾನೇ ನಂಬಲಿಲ್ಲ" ಎಂದರು, ನೆಂಟರೆಲ್ಲರ ಮುಂದೆ.