ಡಬ್ಬಿಯೊಳಗೆ ಬರೆದ ಹೆಸರು

ಜರೀನಾಳ ಕೀಬೋರ್ಡಿನ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಎಲ್ಲ ಸವೆದು ಹೋಗಿದ್ದವು. ಆದರೂ ಅವಳ ಬೆರಳು ತಪ್ಪುತ್ತಿರಲಿಲ್ಲ. ಮಾನ್ವಿ ಬಸ್ ಸ್ಟ್ಯಾಂಡಿನ ಹಿಂದೆ ಅವಳದು ಝೆರಾಕ್ಸ್ ಅಂಗಡಿ. ಕೌದಿ ಹೊಲಿಯುವ ನಾವು ಹನ್ನೊಂದು ಹೆಂಗಸರು ಸಂಘ ಕಟ್ಟಿದಾಗ ನಮ್ಮ ಕೌದಿಗಳ ವೆಬ್‌ಸೈಟ್ ಮಾಡಿದವಳು ಅವಳೇ.

ಅದು ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೇಳಿದೆ.

"ಫೋಟೋ, ಬರಹ ಒಂದ್ಕಡಿ ಇಡ್ತೀನಿ. ಈ ಕಂಟೇನರ್ ಅಂದ್ರ ಡಬ್ಬಿ. ಅದರಾಗಿನ ಮಷಿನ್ ಎಲ್ಲಾ ಪೇಜ್ ಒಮ್ಮಿಗೇ ಮಾಡಿ ಕೊಡ್ತದ. ಬಣ್ಣ ಯಾವ್ದು, ಹೆಸರು ಯಾರ್ದು, ಅದೆಲ್ಲ ಹೊರಗಿನ ಚೀಟ್ಯಾಗ. ಡಬ್ಬಿ ಒಳಗ ಮಾತ್ರ ಕೈ ಹಾಕಬಾರದು, ಯವ್ವಾ."

"ಹಾಕಿದ್ರ ಕಡಿತದೇನು?"

"ಕಡ್ಯಂಗಿಲ್ಲ. ಪ್ರತಿ ಸಲ ಹೊಸಾ ಡಬ್ಬಿ ತೆರಿತೀನಿ. ಒಳಗ ಬರದದ್ದು ಹಳೇ ಡಬ್ಬಿ ಜೋಡಿ ಹೋಗ್ತದ."

ಆಧಾರ್ ಝೆರಾಕ್ಸಿಗೆ ಬಂದವರಿಗೂ ಇದನ್ನೇ ಹೇಳುತ್ತಿದ್ದಳು. ಅವರು ಚಿಲ್ಲರೆ ಬಿಟ್ಟು ಓಡುತ್ತಿದ್ದರು.

ವೆಬ್‌ಸೈಟಿನಲ್ಲಿ ಪ್ರತಿ ಕೌದಿಯ ಫೋಟೋ ಕೆಳಗೂ ಬರೀ ಸಂಘದ ಹೆಸರಿತ್ತು. ಹೊಲಿದವರ ಹೆಸರು ಹಾಕು ಎಂದು ನಾನು ಜಗಳ ತೆಗೆದೆ. ಅಂದು ಅಂಗಡಿಯಲ್ಲಿ ಪರೀಕ್ಷೆ ಅರ್ಜಿಯವರ ಗದ್ದಲ. ಅದರ ನಡುವೆಯೇ ಜರೀನಾ ಹನ್ನೊಂದೂ ಹೆಸರು ಬರೆದು ತೋರಿಸಿದಳು. ಹ-ನು-ಮ-ವ್ವ ಎಂದು ನನ್ನ ಹೆಸರನ್ನು ಕೂಡಿಸಿ ಓದಿಕೊಂಡು ಮನೆಗೆ ಬಂದೆ.

ಹತ್ತು ದಿನಕ್ಕೆ ಎರಡು ಹೊಸ ಫೋಟೋ ಸೇರಿಸಿ ಪೇಜುಗಳನ್ನು ಮತ್ತೆ ಮಾಡಿದಳು. ಹೆಸರುಗಳೆಲ್ಲ ಹೋದವು. ಅದೇ ವಾರ ರಾಯಚೂರಿನ ಕಾಲೇಜೊಂದರಿಂದ ಸಂಘದ ಅಧ್ಯಕ್ಷೆಗೆ ಫೋನ್ ಬಂತು. ಮೂಲೆಗೆ ಕೆಂಪು ಮುಕ್ಕೋನವಿರುವ ಕೌದಿ ಯಾರದು, ತಿಂಗಳ ಮಟ್ಟಿಗೆ ಕಲಿಸಲು ಅವರನ್ನು ಕಳಿಸಿ ಎಂದರು. ಅದು ನನ್ನ ಕೌದಿ. ಅಧ್ಯಕ್ಷೆ ತನ್ನದೇ ಎಂದು ಹೇಳಿ ಬಸ್ ಹತ್ತಿದಳು.

"ಎಲ್ಲಿ ಅದ ಬೇ ನನ್ನ ಹೆಸರು?" ಎಂದು ಜರೀನಾಳ ಅಂಗಡಿಗೆ ಹೋಗಿ ಕೂಗಾಡಿದೆ.

ನೋಡಿದಳು. ಕಣ್ಣಿನ ಚಾಳೀಸು ತೆಗೆದಿಟ್ಟಳು. "ಮಂದಿಗೆಲ್ಲ ಒಳಗ ಕೈ ಹಾಕಬ್ಯಾಡ್ರಿ ಅಂತಿದ್ದೆ. ಅವತ್ತು ಗಡಿಬಿಡಿಯಾಗ ನಾನಽ ಹಾಕೀನಿ, ಯವ್ವಾ."

ಅಂಗಡಿ ಮುಚ್ಚಿ ನನ್ನ ಜೊತೆ ರಾಯಚೂರಿಗೆ ಬಂದಳು. ಕಾಲೇಜಿನಲ್ಲಿ ಎಲ್ಲರ ಮುಂದೆ ತಪ್ಪು ತನ್ನದೆಂದಳು. "ಈಗ ಕ್ಲಾಸ್ ಶುರು ಆಗ್ಯಾವ್ರಿ, ಮುಂದ ನೋಡೋಣ" ಎಂದು ಚಹಾ ಕುಡಿಸಿ ಕಳಿಸಿದರು.

ವಾಪಸು ಬರುವಾಗ ಬಸ್ಸು ಕಲ್ಮಲ ಊರು ದಾಟಿದ ಮೇಲೆ, "ಬೈಯಿ, ಯವ್ವಾ" ಎಂದಳು.

"ಬೈಯಾಕೂ ಶಕ್ತಿ ಬೇಕಲ್ಲ" ಎಂದೆ.

ಮರುದಿನ ಹೆಸರುಗಳನ್ನು ಹೊರಗಿನ ಚೀಟಿಯಲ್ಲಿ ಬರೆದಳು. ನಮ್ಮನ್ನೆಲ್ಲ ಕೂಡಿಸಿ, ಹೊಸ ಡಬ್ಬಿ ಮೂರು ಸಲ ತೆರೆದು ತೋರಿಸಿದಳು. ಮೂರೂ ಸಲ ಹೆಸರು ನಿಂತವು.

ಹೋದ ಚಳಿಗಾಲದಲ್ಲಿ ಜರೀನಾ ಸತ್ತಳು. ದೇವದುರ್ಗದ ಅವಳ ತಂಗಿ ಬಂದು ಅಂಗಡಿ ಖಾಲಿ ಮಾಡಿಸಿದಳು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಆ ಕಾಲೇಜಿನವರು ಮತ್ತೆ ಫೋನ್ ಮಾಡಿದರು. "ಹನುಮವ್ವ ಅವರಾ? ವೆಬ್‌ಸೈಟ್‌ನಾಗ ನಿಮ್ಮ ಹೆಸರು ನೋಡಿದ್ವಿ, ಕೌದಿ ಕಲಿಸಾಕ ಬರ್ತೀರೇನ್ರಿ?" ಎಂದರು.

"ಆ ಹೆಸರು ಬರದಾಕಿ ಈಗ ಇಲ್ಲ" ಎಂದೆ. "ನನಗೂ ಸೂಜ್ಯಾಗ ದಾರ ಹಾಕೋವಷ್ಟು ಕಣ್ಣು ಉಳದಿಲ್ಲ. ಅಲ್ಲಿ ಇನ್ನೂ ಹತ್ತು ಹೆಸರದಾವ, ಓದಿ ನೋಡ್ರಿ."